ಎವಾರಿಸ್ತೊ ಹಾಡದ ದೋ

೧

ಎಲ್ಲಿಂದ ಶುರು ಮಾಡಲಿ?

ಗಾಯಕನ ಕಥೆಯನ್ನು ಹುಟ್ಟಿನಿಂದ ಶುರು ಮಾಡುವುದು ವಾಡಿಕೆ. ನಾನೂ ಹಾಗೇ ಮಾಡಿದೆ. "ಬೋರ್ಗೊತಾರ್ಲೊ ಎಂಬ ಊರಿನಲ್ಲಿ, ಚೀಸ್ ಗೋದಾಮಿನ ಹಿಂದಿನ ಮನೆಯಲ್ಲಿ ಹುಟ್ಟಿದ ಎವಾರಿಸ್ತೊ ಕೊಪೆಲ್ಲಿ ತನ್ನ ಮೊದಲ ಅಳುವನ್ನೇ ಶ್ರುತಿಬದ್ಧವಾಗಿ ಅತ್ತನು. ಸೂಲಗಿತ್ತಿ ಬೆರಗಾದಳು." ಬರೆದು, ಕಾಫಿ ಕುಡಿದು, ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಎವಾರಿಸ್ತೊ ಬಂದು ಹಿಂದೆ ನಿಂತ. ಅರವತ್ತು ದಾಟಿದ ಆಳು, ಮುಂದಕ್ಕೆ ಬಂದ ಹೊಟ್ಟೆ, ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರು.

"ಹೊಡೆದು ಹಾಕು ಅದನ್ನ," ಅಂದ.

"ಯಾಕಪ್ಪಾ? ಚೆನ್ನಾಗೇ ಇದೆಯಲ್ಲ."

"ನಾನು ಹುಟ್ಟಿದಾಗ ಅಳಲೇ ಇಲ್ಲ ಮಾರಾಯ. ನೀಲಿಗಟ್ಟಿದ್ದೆನಂತೆ. ಸತ್ತೇ ಹೋದೆ ಅಂತ ನಮ್ಮಕ್ಕ ಅತ್ತಿದ್ದು. ಆ ಅಳುವಿಗೆ ಬೀದಿಗೆ ಬೀದಿಯೇ ಸೇರಿತ್ತು. ಮನೇಲಿ ಗಂಟಲು ಇದ್ದದ್ದು ಅವಳಿಗೆ. ಬರ್ಕೋ."

(ಹೊಡೆದು ಹಾಕಿದೆ. ಪಾತ್ರಗಳು ನಡುವೆ ಬಾಯಿ ಹಾಕಿದರೆ ಸಹಿಸುವವನು ನಾನಲ್ಲ. ಆದರೆ ಇವನು ಟೆನರ್, ಅಂದರೆ ಒಪೆರಾದಲ್ಲಿ ಗಂಡು ದನಿಗಳ ಪೈಕಿ ಎಲ್ಲಕ್ಕಿಂತ ಎತ್ತರಕ್ಕೆ ಏರುವವನು. ಆ ಜಾತಿಯವರನ್ನು ಬಾಯಿಜೋರಿನಲ್ಲಿ ಗೆದ್ದವರನ್ನು ನಾನು ಈ ಊರಲ್ಲಿ ಕಂಡಿಲ್ಲ.)

೨

ಸರಿ, ಉತ್ತುಂಗದಿಂದಲೇ ಶುರು. "ಬ್ಯೂನಸ್ ಐರಿಸ್‌ನ ರಂಗಮಂದಿರದಲ್ಲಿ ಅಂದು ಹೂವಿನ ಮಳೆ ಸುರಿಯಿತು."

"ಒಂದು ಹೂಗುಚ್ಛ ಬಿತ್ತು. ಅದೂ ನನಗಲ್ಲ, ನಾಯಕಿಗೆ. ಗುರಿ ತಪ್ಪಿ ನನ್ನ ಮೂಗಿಗೆ ಬಡೀತು," ಅಂದ ಎವಾರಿಸ್ತೊ.

"ನಿನ್ನ ಬದುಕಿನಲ್ಲಿ ಬರೆಯೋ ಹಾಗಿರೋದು ಏನಾದ್ರೂ ನಡೆದಿದೆಯೇನಪ್ಪಾ?"

"ಶಿಳ್ಳೆ ನಡೆದಿದೆ. ಅದನ್ನ ಬರಿ, ಧೈರ್ಯ ಇದ್ರೆ."

೨, ಮತ್ತೊಮ್ಮೆ

ಶಿಳ್ಳೆಯ ಬಗ್ಗೆ ಹೇಳುವ ಮೊದಲು ನಿಮ್ಮ ತಲೆಯಿಂದ ನಿಮ್ಮ ಶಿಳ್ಳೆಯನ್ನು ತೆಗೆದುಹಾಕಿ. ಹೀರೋ ಬಂದಾಗ ಮುಂದಿನ ಸಾಲಿನವರು ಕುಣಿದು ಹೊಡೆಯುತ್ತಾರಲ್ಲ, ಅದಲ್ಲ. ಇಲ್ಲಿ ಒಪೆರಾದಲ್ಲಿ ಶಿಳ್ಳೆ ಹೊಡೆದರೆ ಮುಖಕ್ಕೆ ಉಗಿದ ಹಾಗೆ. ಉಗಿಯುವವರು ಮೇಲಟ್ಟದ ಗ್ಯಾಲರಿಯವರು: ಕಟುಕರು, ಪೋಸ್ಟ್‌ಮ್ಯಾನ್‌ಗಳು, ಬೇಕರಿಯವರು, ಮತ್ತು ಅವರ ಜೊತೆ ಬಹಳ ವರ್ಷಗಳಿಂದ ಮೊಣಕೈ ತಿಕ್ಕಿಕೊಂಡು ನಿಂತಿರುವ ನಾನು. ಕೆಳಗೆ ಮಖಮಲ್ಲಿನ ಕುರ್ಚಿಯಲ್ಲಿ ಕೂತವರು ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಕತ್ತೆತ್ತಿ ನಮ್ಮನ್ನು ನೋಡುತ್ತಾರೆ. ಲೋಕವೆಲ್ಲ ಮೆಚ್ಚಿದ ಗಾಯಕರು ನಮ್ಮೂರಿಗೆ ಬರುವಾಗ ಎದೆ ಮುಟ್ಟಿಕೊಂಡು ಬರುತ್ತಾರೆ. (ಭೂಪಟದಲ್ಲಿ ಬೋರ್ಗೊತಾರ್ಲೊ ಹುಡುಕಬೇಡಿ. ಸಿಗುವುದಿಲ್ಲ. ಸಿಕ್ಕಿದರೆ ಅದು ಬೇರೆಯದು.)

ಎವಾರಿಸ್ತೊನ ಅಪ್ಪ ಚೀಸ್ ಬಡಿಯುವವನು. ಬಂಡಿಗಾಲಿಯಂಥ ಚೀಸನ್ನು ಕಪಾಟಿನಿಂದ ಇಳಿಸಿ, ಪುಟ್ಟ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, ಒಳಗೆ ಬಿರುಕಿದೆಯೋ ಟೊಳ್ಳಿದೆಯೋ ಹೇಳಿ, ಗಟ್ಟಿಯಾದದ್ದಕ್ಕೆ ಮುದ್ರೆ ಒತ್ತುವ ಕಸುಬು. ಮಕ್ಕಳಿಬ್ಬರೂ ಆ ಸುತ್ತಿಗೆಯ ಸದ್ದಿನಲ್ಲೇ ಬೆಳೆದರು. ಅಕ್ಕ ಆರ್ಜಿಯಾ ಕಸುಬಿನಲ್ಲೇ ಉಳಿದಳು. ತಮ್ಮ ಚರ್ಚಿನ ಮೇಳಕ್ಕೆ ಹೋದ, ಅಲ್ಲಿಂದ ಮುದಿ ಗುರುವೊಬ್ಬರ ಕೈಗೆ ಬಿದ್ದ, ಸ್ಪರ್ಧೆಯೊಂದರಲ್ಲಿ ಗೆದ್ದ. ಆಮೇಲೆ ಲಿಸ್ಬನ್, ವಿಯೆನ್ನಾ, ಬ್ಯೂನಸ್ ಐರಿಸ್. ಪೋಸ್ಟರಿನಲ್ಲಿ ಹೆಸರು ಕೆಳಗಿನಿಂದ ಮೇಲಕ್ಕೆ ಹತ್ತಿತು, ದನಿ ಹತ್ತಿದಂತೆಯೇ. ಹಾಡುಗಾರ್ತಿಯೊಬ್ಬಳನ್ನು ಮದುವೆಯಾದ. ಒಂದೇ ಮನೆಯಲ್ಲಿ ಇಬ್ಬರಿಗೂ ಗಂಟಲು ನೋವು ಬಂದಾಗ ಬಿಸಿನೀರು ಕಾಯಿಸುವವರು ಯಾರು ಎಂಬ ಜಗಳದಲ್ಲಿ ಅದೂ ಮುಗಿಯಿತು.

("ಅದು ಅಷ್ಟು ಸಸಾರವಾಗಿ ಮುಗೀಲಿಲ್ಲ," ಅಂದ. ಗೊತ್ತು ಕಣಪ್ಪಾ. ಆದರೆ ಇದು ಅವಳ ಕಥೆಯಲ್ಲ.)

ನಲವತ್ತು ದಾಟಿದ ಮೇಲೆ ಒಂದು ಸಲ ಊರಿನ ಥಿಯೇಟರಿನಲ್ಲಿ ಹಾಡಲು ಬಂದ. ಒಪೆರಾದ ಹೆಸರು ನಾನು ಹೇಳುವುದಿಲ್ಲ. ರಂಗದ ಮಂದಿ ಅದರ ಹೆಸರು ಎತ್ತಿದರೆ ಅಪಶಕುನ ಎಂದು ಕಬ್ಬಿಣ ಮುಟ್ಟುತ್ತಾರೆ. ನಾನು ಬರೆಯುವ ಮೇಜು ಮರದ್ದು, ಮುಟ್ಟಲು ಮೊಳೆಯೂ ಇಲ್ಲ. ಅದರ ಮೂರನೇ ಅಂಕದಲ್ಲಿ, ಯುದ್ಧಕ್ಕೆ ಹೊರಟ ನಾಯಕ ಹಾಡುವ ಹಾಡೊಂದಿದೆ. ಕೊನೆಯಲ್ಲಿ ಅವನು ಮೇಲಿನ ದೋ ಎಂಬ, ನಿಮ್ಮ ತಾರ ಷಡ್ಜದಂಥ ಸ್ವರ ಹಿಡಿದು, ಉಸಿರು ಇರುವ ತನಕ ಬಿಡಬಾರದು. ಅದಕ್ಕಾಗಿಯೇ ಗ್ಯಾಲರಿ ತುಂಬುತ್ತದೆ. ದೋ ಸರಿಯಾಗಿ ಬಿದ್ದರೆ "ಬೀಸ್! ಬೀಸ್!" ಎಂದು ಕೂಗಿ ಮತ್ತೆ ಹಾಡಿಸುತ್ತೇವೆ.

ತಮಾಷೆ ಏನು ಗೊತ್ತೇ? ಆ ದೋ ಬರೆದೇ ಇಲ್ಲ. ಸಂಗೀತ ರಚಿಸಿದವರು ಅಲ್ಲಿ ಬರೆದದ್ದು ಅದಕ್ಕಿಂತ ಎರಡು ಸ್ವರ ಕೆಳಗಿನ ಒಂದು ಲಾ, ಸಾಧಾರಣ ಲಾ. ಯಾವ ಕಾಲದಲ್ಲೋ ಯಾವನೋ ಟೆನರ್ ಜಂಬಕ್ಕೆ ಮೇಲಕ್ಕೆ ಹಾರಿದ. ಜನ ಹುಚ್ಚಾದರು. ಅಂದಿನಿಂದ ಅದೇ ಶಾಸ್ತ್ರವಾಯಿತು. ಇದೇನು ಗುಟ್ಟಲ್ಲ, ಗ್ಯಾಲರಿಗೆಲ್ಲ ಗೊತ್ತು. ಗೊತ್ತಿದ್ದೂ ಬರೆಯದ್ದನ್ನು ಹಾಡದವನಿಗೆ ಉಗಿಯುತ್ತೇವೆ. ನಾವು ಹಾಗೇ.

ಎವಾರಿಸ್ತೊನ ದೋ ಆಗಲೇ ನಡುಗಲು ಶುರುವಾಗಿತ್ತು. ಯಾರಿಗೂ ಹೇಳದೆ, ಇಡೀ ಹಾಡಿನ ಶ್ರುತಿಯನ್ನೇ ಅರ್ಧ ಸ್ವರ ಇಳಿಸುವಂತೆ ಅಂದಿನ ವಾದ್ಯವೃಂದದವರನ್ನು ಒಪ್ಪಿಸಿದ. ಶ್ರುತಿ ಇಳಿದರೆ ಕೊನೆಯ ಸ್ವರವೂ ಇಳಿಯುತ್ತದೆ. ಕೇಳುವವರಿಗೆ ದೋ ಅನ್ನಿಸುತ್ತದೆ, ಗಂಟಲಿಗೆ ಮಾತ್ರ ಅಲ್ಲ ಎಂದು ಗೊತ್ತಿರುತ್ತದೆ. ಎಷ್ಟೋ ಊರಿನಲ್ಲಿ ನಡೆಯುವ ಉಪಾಯ. ನಮ್ಮೂರಿನಲ್ಲಿ ಅವನು ಮೊದಲ ಸಾಲು ಮುಗಿಸಿದ್ದನಷ್ಟೆ. ಗ್ಯಾಲರಿಯಿಂದ ಒಂದು ಶಿಳ್ಳೆ ಬಂತು. ಎರಡು ಬೆರಳು ಬಾಯಿಗಿಟ್ಟು ಹೊಡೆದದ್ದು. ಮನೆಗೆ ಬರುವುದು ತಡವಾದಾಗ ಕಿಟಕಿಯಿಂದ ಅಕ್ಕ ಕರೆಯುತ್ತಿದ್ದ ಶಿಳ್ಳೆ. ಅವನಿಗೆ ಗುರುತು ಸಿಗದೆ ಇರುತ್ತದೆಯೇ?

ಒಬ್ಬಳು ಹೊಡೆದ ಮೇಲೆ ಎಲ್ಲರೂ ಹೊಡೆದರು. ಹಾಡು ಅರ್ಧಕ್ಕೇ ನಿಂತಿತು. ಅವನು ಆ ವೇಷದಲ್ಲೇ, ಸೊಂಟದಲ್ಲಿ ರಟ್ಟಿನ ಕತ್ತಿಯೊಂದಿಗೆ, ಸ್ಟೇಷನ್ನಿಗೆ ನಡೆದು ಹೋದ. ಅಕ್ಕ ತಮ್ಮ ಮಾತು ಬಿಟ್ಟು ಇಪ್ಪತ್ತು ವರ್ಷವಾಯಿತು.

ಇದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.

೪

(ಮೂರು ಎಲ್ಲಿ? ಮೂರರಲ್ಲಿ ನಾನು ಸಂಗೀತದ ಬಗ್ಗೆ ಒಂದು ಪುಟ ತತ್ವ ಕೊರೆದಿದ್ದೆ. ಓದಿ ನನಗೇ ಆಕಳಿಕೆ ಬಂತು.)

ಈಗ ಈ ವರ್ಷಕ್ಕೆ ಬನ್ನಿ. ಊರಿನ ಥಿಯೇಟರಿನವರು ಅದೇ ಒಪೆರಾಕ್ಕೆ ಅವನನ್ನೇ ಕರೆದರು, ಭಾನುವಾರ ಮಧ್ಯಾಹ್ನದ ಒಂದೇ ಆಟಕ್ಕೆ. ಬೇರೆ ಕಡೆ ಕರೆ ಬರುವುದು ನಿಂತು ಬಹಳ ಕಾಲವಾಗಿತ್ತು. ಗೆಳೆಯರೆಲ್ಲ ಬೇಡ ಅಂದರು. ಆಡಿಕೊಳ್ಳುವವರ ಮುಂದೆ ಎಡವಿ ಬೀಳಬೇಡ ಅಂದರು. ಅವನು ಒಪ್ಪಿಕೊಂಡ.

ವಾದ್ಯವೃಂದ ನಡೆಸುವ ಮಾಯೆಸ್ತ್ರೊ ಲಿವಿಯೊ ತಂಜಿ ಎಳೆಯ ವಯಸ್ಸಿನವನು, ಮರ್ಯಾದೆಯವನು. ಅಭ್ಯಾಸ ಮುಗಿದ ಮೇಲೆ ಎವಾರಿಸ್ತೊನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ.

"ಬೇಜಾರು ಮಾಡ್ಕೋಬೇಡಿ. ಅರ್ಧ ಸ್ವರ ಇಳಿಸೋಣ. ಈಗ ಯಾರು ಕೇಳ್ತಾರೆ? ಎಲ್ರೂ ಮಾಡ್ತಾರೆ."

"ಈ ಊರಲ್ಲಿ ಕೇಳ್ತಾರೆ ಮಾಯೆಸ್ತ್ರೊ."

"ಹಾಗಾದ್ರೆ ಇರೋ ಶ್ರುತೀಲೇ ಹಾಡಿ. ಆದ್ರೆ ದೋ…"

"ಒಡೆಯುತ್ತೆ ಅಂತೀರಾ?"

ಎವಾರಿಸ್ತೊ ತನ್ನ ಎದೆಯನ್ನು ಬೆರಳಗಂಟಿನಿಂದ ಟಕಟಕ ತಟ್ಟಿಕೊಂಡು, ಕಿವಿಗೊಟ್ಟವನಂತೆ ನಿಂತು, ನಕ್ಕ. "ಒಡೆಯುತ್ತೆ. ನಮ್ಮಪ್ಪ ಇದ್ದಿದ್ರೆ ಈ ಚೀಸ್ ಗಾಲಿಗೆ ಮುದ್ರೆ ಒತ್ತುತ್ತಿರ್ಲಿಲ್ಲ. ನೀವು ಇರೋ ಶ್ರುತೀಲೇ ನುಡಿಸಿ. ನಾನು ಬರೆದಿರೋದನ್ನ ಹಾಡ್ತೀನಿ."

ತಂಜಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. "ಲಾ? ಬರೀ ಲಾ? ನಿಮ್ಮನ್ನ ಹರಿದು ತಿಂತಾರೆ!"

"ತಿನ್ಲಿ."

೫

ಶನಿವಾರ ಅವನು ಅಕ್ಕನ ಮನೆಗೆ ಹೋದ. ಆರ್ಜಿಯಾ ಅಡುಗೆಮನೆಯಲ್ಲಿ ಭಾನುವಾರದ ಅನೊಲಿನಿ ಮಾಡುತ್ತಿದ್ದಳು. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಹೂರಣ ಇಟ್ಟು ಮುಚ್ಚಿದ ಪುಟ್ಟ ಪುಟ್ಟ ಕಡುಬು, ಕೋಳಿ ಸಾರಿನಲ್ಲಿ ಬೇಯಿಸುವಂಥದ್ದು. ಎಪ್ಪತ್ತು ಸಮೀಪಿಸಿದ ಗಟ್ಟಿ ಹೆಂಗಸು, ಕೊರಳಿಗೆ ನೇರಳೆ ಬಣ್ಣದ ಶಾಲು…

"ನೇರಳೆ?" ಎವಾರಿಸ್ತೊ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡ. "ನಾಳೆ ಆಟ ಇಟ್ಕೊಂಡು ಇವತ್ತು ನೇರಳೆ ಉಡಿಸ್ತೀಯಾ? ಇಲ್ಲಿಷ್ಟು ವರ್ಷ ಇದ್ದು ಏನು ಕಲಿತೆಯೋ? ಹಿಂದೆ ಉಪವಾಸದ ದಿನಗಳಲ್ಲಿ ಪಾದ್ರಿ ನೇರಳೆ ಉಟ್ರೆ ಥಿಯೇಟರು ಮುಚ್ತಿದ್ರು. ನಟರು ಹಸಿವಿನಿಂದ ಸಾಯ್ತಿದ್ರು. ತೆಗಿ, ತೆಗಿ!"

(ತೆಗೆದೆ. ಶಾಲು ಈಗ ಕಂದು ಬಣ್ಣದ್ದು. ಸಾಕೇ?)

ಬಾಗಿಲಲ್ಲಿ ತಮ್ಮನನ್ನು ನೋಡಿ ಅವಳು ಹಿಟ್ಟಿನ ಕೈ ಒರೆಸಿಕೊಳ್ಳಲಿಲ್ಲ.

"ಬೂಟು ಒರೆಸ್ಕೊಂಡು ಬಾ," ಅಂದಳು. ಇಪ್ಪತ್ತು ವರ್ಷದ ಮೇಲಿನ ಮೊದಲ ಮಾತು.

ಒರೆಸಿಕೊಂಡು ಬಂದು ಕೂತ. ಬಟ್ಟಲಲ್ಲಿ ಸಾರು ಕೊಟ್ಟಳು. ಮೇಜಿನ ಮೇಲಿದ್ದ ಕೆಂಪು ವೈನನ್ನು ಅವನು ಸಾರಿಗೇ ಕೊಂಚ ಸುರಿದುಕೊಂಡ, ಅಪ್ಪನ ಹಾಗೆ. ಅದನ್ನು ನೋಡಿ ಅವಳ ಮುಖ ಒಂದು ಗಳಿಗೆ ಸಡಿಲವಾಯಿತು. ಮತ್ತೆ ಬಿಗಿಯಾಯಿತು.

"ದಪ್ಪ ಆಗಿದೀಯ."

"ನೀನೂ."

"ನಾನು ಹಾಡಲ್ವಲ್ಲ. ನಾಳೆ ಶ್ರುತಿ ಇಳಿಸ್ತೀಯೇನೋ?"

"ಇಳಿಸಲ್ಲ."

"ಹಾಗಾದ್ರೆ ದೋ ಒಡೆಯುತ್ತೆ. ಊರೆಲ್ಲ ನಗುತ್ತೆ. ನಾನು ಬಾಗಿಲು ಹಾಕ್ಕೊಂಡು ಕೂರ್ಬೇಕು."

"ದೋ ಹಾಡಲ್ಲ ಅಕ್ಕಾ. ಲಾ ಹಾಡ್ತೀನಿ. ಬರೆದಿರೋ ಲಾ."

ಅವಳು ಕಡುಬೊಂದನ್ನು ಎಷ್ಟು ಬಿಗಿಯಾಗಿ ಒತ್ತಿದಳೆಂದರೆ ಹೂರಣ ಹೊರಗೆ ಬಂತು. "ಥೂ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೈಲಾಗದವರು ಮಾಡೋ ಕೆಲ್ಸ ಅದು."

"ಕೈಲಾಗಲ್ಲ. ಹೌದು. ಕೈಲಾಗಲ್ಲ ಅಂತ ಎದ್ದು ನಿಂತು ಹೇಳೋಕೆ ಎಷ್ಟು ಬೇಕು ಗೊತ್ತಾ? ಹೋದ ಸಲ ಸುಳ್ಳು ಹಾಡಿದೆ, ಶಿಳ್ಳೆ ಹೊಡೆದೆ ನೀನು. ಸರಿಯಾಗೇ ಹೊಡೆದೆ. ಈ ಸಲ ಸುಳ್ಳಿಲ್ಲ."

"ಈ ಸಲಾನೂ ಹೊಡೀತೀನಿ. ಒಬ್ಬನೇ ತಮ್ಮ ಅಂತ ಬಿಡೋಳಲ್ಲ ನಾನು."

"ಹೊಡಿ. ಬೇಡ ಅಂದ್ನಾ? ಆದ್ರೆ ಪೂರ್ತಿ ಕೇಳಿ ಹೊಡಿ. ಹೋದ ಸಲ ಒಂದೇ ಸಾಲು ಕೇಳಿದೆ. ಲೋಕವೆಲ್ಲ ಕೇಳಿತು ಅಕ್ಕಾ ನನ್ನ ಹಾಡನ್ನ. ನೀನು ಒಂದು ಸಲಾನೂ ಕೊನೇ ತನಕ ಕೇಳಿಲ್ಲ."

ಆರ್ಜಿಯಾ ಬಟ್ಟಲು ತೆಗೆದುಕೊಂಡು ಹೋಗಿ ಮತ್ತೆ ಸಾರು ತುಂಬಿಸಿ ತಂದು ಇಟ್ಟಳು, ಟಪ್ ಎಂದು, ಸ್ವಲ್ಪ ಚೆಲ್ಲುವ ಹಾಗೆ.

ಓದುಗರೇ, ಅವನಿಗೆ ಬೇಕಾಗಿದ್ದು ಇಷ್ಟೇ ಎಂದು ನನಗೆ ಗೊತ್ತಾದದ್ದು ಆಗ. ಹೂವಲ್ಲ, ದೋ ಅಲ್ಲ. ಅಕ್ಕ ಕೊನೆಯ ಸ್ವರದವರೆಗೆ ಕೇಳಬೇಕು. ಅರವತ್ತು ದಾಟಿದ ಗಂಡಸಿಗೆ ಇಂಥ ಆಸೆಯೇ ಎಂದು ನಗಬೇಡಿ. ನನಗೆ ನಗು ಬರಲಿಲ್ಲ.

೬

ಈಗ ಮುಕ್ತಾಯ. ಮೂರು ಮುಕ್ತಾಯ ಬರೆದಿಟ್ಟಿದ್ದೇನೆ. ಎವಾರಿಸ್ತೊನನ್ನು ಎದುರಿಗೆ ಕೂರಿಸಿಕೊಂಡು ಓದಿದೆ.

ಮೊದಲನೆಯದು: ಲಾ ಹಾಡುತ್ತ ಹಾಡುತ್ತ ಅವನು ರಂಗದ ಮೇಲೆಯೇ ಕುಸಿದು ಪ್ರಾಣ ಬಿಡುತ್ತಾನೆ. ಅಕ್ಕ ಮೇಲಿನಿಂದ ಚೀರುತ್ತಾಳೆ.

"ರಂಗದ ಮೇಲೆ ಲೆಕ್ಕ ಇಲ್ಲದಷ್ಟು ಸಲ ಸತ್ತಿದೀನಿ. ಚೂರಿ, ವಿಷ, ಕ್ಷಯ, ಬೆಂಕಿ. ಪ್ರತಿ ಸಲಾನೂ ಪರದೆ ಬಿದ್ದ ಮೇಲೆ ಎದ್ದು ಸ್ಯಾಂಡ್‌ವಿಚ್ ತಿಂದಿದೀನಿ. ಸಾಯಿಸಬೇಡ, ಸಾಕಾಗಿದೆ."

ಎರಡನೆಯದು: ಶಿಳ್ಳೆಗಳ ನಡುವೆ ಆರ್ಜಿಯಾ ಎದ್ದು ನಿಂತು "ಸುಮ್ನಿರ್ರೋ! ಅವನು ನನ್ನ ತಮ್ಮ!" ಎಂದು ಗುಡುಗುತ್ತಾಳೆ. ಗ್ಯಾಲರಿ ಕಣ್ಣೊರೆಸಿಕೊಳ್ಳುತ್ತದೆ. ಮೆಟ್ಟಿಲ ಮೇಲೆ ಅಪ್ಪುಗೆ.

"ನಮ್ಮಕ್ಕನಾ? ನೀನು ಅವಳ ಕೈಯಲ್ಲಿ ಬಟ್ಟಲಿನ ಏಟು ತಿಂದಿದ್ರೆ ಹೀಗೆ ಬರೀತಿರ್ಲಿಲ್ಲ. ಪಾಯಸಕ್ಕೆ ಬೆಲ್ಲ ಹಾಕು, ಬೆಲ್ಲಕ್ಕೇ ಪಾಯಸ ಹಾಕ್ಬೇಡ."

(ಪಾಯಸ ಅವನ ಬಾಯಿಗೆ ಎಲ್ಲಿಂದ ಬಂತು? ನನ್ನ ಜೊತೆ ಇದ್ದು ಇದ್ದು ಕೆಟ್ಟಿದ್ದಾನೆ.)

ಮೂರನೆಯದನ್ನು ಓದಲು ನನಗೇ ನಾಚಿಕೆ. ಮೂರನೆಯದರಲ್ಲಿ ಅವನು ಲಾ ಹಾಡಲೆಂದೇ ಬಾಯಿ ತೆರೆಯುತ್ತಾನೆ. ಆದರೆ ಎಲ್ಲಿಂದಲೋ, ಹೇಗೋ, ಅವನ ಹರೆಯದ ದೋ ಹೊರಡುತ್ತದೆ. ಬಿರುಕಿಲ್ಲ, ಟೊಳ್ಳಿಲ್ಲ. ತೂಗುದೀಪದ ಗಾಜುಗಳು ನಡುಗುತ್ತವೆ.

ಎವಾರಿಸ್ತೊ ಮಫ್ಲರು ಬಿಗಿದುಕೊಂಡು ಹೇಳಿದ, "ನೀನೂ ಗ್ಯಾಲರಿಯವನೇ."

"ಅಲ್ಲಪ್ಪಾ, ಕಥೆಗೆ ಒಂದು ಎತ್ತರ ಬೇಕಲ್ವಾ? ಓದೋರು ಇಷ್ಟು ದೂರ ಬಂದಿದಾರೆ…"

"ನಿನಗೆ ದೋ ಬೇಕು, ಅವರಿಗೂ ದೋ ಬೇಕು. ನನ್ನ ಗಂಟಲಲ್ಲಿ ಏನಿದೆ ಅಂತ ಯಾರಿಗೂ ಬೇಡ. ನಾನು ಹೇಳ್ತೀನಿ ಕೇಳು. ನಾಳೆ ನನ್ನ ಬಾಯಿಗೆ ದೋ ಹಾಕಿದೆಯೋ, ನಾನು ನಿನ್ನ ಕಥೆಯಿಂದ ಎದ್ದು ಸ್ಟೇಷನ್ನಿಗೆ ಹೋಗ್ತೀನಿ. ಕತ್ತಿ ಸಮೇತ. ದಾರಿ ಗೊತ್ತು ನನಗೆ."

ಮೂರೂ ಹಾಳೆ ಹರಿದೆ. ಲೇಖಕನೇ ದೇವರು ಅನ್ನುವವರು ಒಬ್ಬ ಟೆನರನ್ನು ಸಾಕಿ ನೋಡಲಿ.

೭

ಭಾನುವಾರ ಮಧ್ಯಾಹ್ನ. ಗ್ಯಾಲರಿಯಲ್ಲಿ ಎಳ್ಳು ಹಾಕಲು ಜಾಗವಿಲ್ಲ. ಬೆಳ್ಳುಳ್ಳಿ, ಬೆವರು, ಕರ್ಪೂರದ ಗುಳಿಗೆಯ ವಾಸನೆ. ಆರ್ಜಿಯಾ ಕಂಬದ ಪಕ್ಕ, ಎಂದಿನ ಜಾಗದಲ್ಲಿ. ಅವಳ ಪಕ್ಕದಲ್ಲಿ ನಾನು. ರಂಗದ ಹಿಂದೆ ಎವಾರಿಸ್ತೊ ನೆಲ ನೋಡುತ್ತ ತಿರುಗಿ, ಬಾಗಿದ ಮೊಳೆಯೊಂದನ್ನು ಹುಡುಕಿ ಜೇಬಿಗೆ ಹಾಕಿಕೊಂಡ. ಬಾಗಿದ ಮೊಳೆ ಸಿಕ್ಕರೆ ಶುಭ. ನೆಟ್ಟಗಿರುವುದು ಯಾರಿಗೂ ಬೇಡ.

ಮೊದಲೆರಡು ಅಂಕ ಹೇಗೋ ದಾಟಿತು. ಮೂರನೆಯದರಲ್ಲಿ ಹಾಡು ಶುರುವಾಯಿತು. ಶ್ರುತಿ ಇಳಿದಿರಲಿಲ್ಲ. ಮೊದಲ ಸಾಲಿಗೇ ಗ್ಯಾಲರಿ ಅದನ್ನು ಹಿಡಿದು, ಒಬ್ಬರನ್ನೊಬ್ಬರು ತಿವಿದುಕೊಂಡಿತು. ಮುದುಕ ದೋ ಹಾಡುತ್ತಾನೆ! ಆರ್ಜಿಯಾಳ ಆಚೆ ಪಕ್ಕ ನಿಂತಿದ್ದ ಕಟುಕ ಉಸಿರು ಬಿಗಿಹಿಡಿದ. ಎವಾರಿಸ್ತೊನ ದನಿ ಹಳೆಯದಾಗಿತ್ತು, ಅಂಚು ಸವೆದಿತ್ತು. ಆದರೆ ಅದರಲ್ಲಿ ಅಡಗಿಸಿಟ್ಟದ್ದು ಏನೂ ಇರಲಿಲ್ಲ. ತನ್ನವರನ್ನು ಬಿಡಿಸಲು ಹೊರಟ ನಾಯಕನ ಸಿಟ್ಟನ್ನು ನಾನು ಇಷ್ಟು ವರ್ಷ ದೋ ಕಾಯುವ ಗಡಿಬಿಡಿಯಲ್ಲಿ ಕೇಳಿಯೇ ಇರಲಿಲ್ಲ. ಅಂದು ಕೇಳಿದೆ.

ಕೊನೆಯ ಸಾಲು ಬಂತು. ಅವನು ಮುಂದೆ ಬಂದು, ಕಾಲು ಅಗಲಿಸಿ ನಿಂತು, ನೇರವಾಗಿ ನಮ್ಮ ಕಡೆ ಕತ್ತೆತ್ತಿ, ಲಾ ಹಾಡಿದ. ಬರೆದ ಲಾ. ಎಲ್ಲ ಉಸಿರೂ ಹಾಕಿ ಹಾಡಿದ.

ಗ್ಯಾಲರಿಗೆ ಏನಾಯಿತೆಂದು ತಿಳಿಯಲಿಲ್ಲ. ಮೆಟ್ಟಿಲಿದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದ ಹಾಗೆ ಒಂದು ಕ್ಷಣ. ಆಮೇಲೆ ಶುರುವಾಯಿತು. "ದೋ ಎಲ್ಲೋ?" "ಮನೇಲಿ ಬಿಟ್ಟು ಬಂದ್ಯಾ?" "ಚೀಸ್ ಬಡಿಯೋಕೆ ಹೋಗು!" ಶಿಳ್ಳೆ, ಶಿಳ್ಳೆ, ಶಿಳ್ಳೆ. ಕಟುಕ ಕಂಬಿಯಾಚೆ ಬಾಗಿ ಊಳಿಟ್ಟ. ನಾನು ಆರ್ಜಿಯಾಳ ಕಡೆ ತಿರುಗಿದೆ. ಅವಳ ಎರಡು ಬೆರಳು ಬಾಯಿಯಲ್ಲಿದ್ದವು. ಹೊಡೆದಳೋ, ಇನ್ನೂ ಹೊಡೆದಿರಲಿಲ್ಲವೋ, ಆ ಗದ್ದಲದಲ್ಲಿ ಪಕ್ಕದಲ್ಲಿದ್ದ ನನಗೇ ಗೊತ್ತಾಗಲಿಲ್ಲ. ಹಾಗಿರುವಾಗ ಕೆಳಗಿದ್ದವನಿಗೆ ಹೇಗೆ ಗೊತ್ತಾಗಬೇಕು?

ಅವನು ಸ್ಟೇಷನ್ನಿಗೆ ಹೋಗಲಿಲ್ಲ.

ರಂಗದ ತುದಿಗೆ ಬಂದು, ಶಿಳ್ಳೆಗಳು ತಮ್ಮಷ್ಟಕ್ಕೆ ಸುಸ್ತಾಗುವವರೆಗೂ ಕಾದ. ಆಮೇಲೆ ತಂಜಿಯ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಬೀಸ್."

ತಂಜಿ ಬಾಯಿ ತೆರೆದ. ಬೀಸ್ ಕೇಳುವವರು ನಾವು. ಮೆಚ್ಚಿದಾಗ ಕೇಳುತ್ತೇವೆ. ಉಗಿಸಿಕೊಂಡವನು ತನಗೆ ತಾನೇ ಬೀಸ್ ಕೊಟ್ಟುಕೊಂಡದ್ದನ್ನು ಈ ಥಿಯೇಟರಿನ ಗೋಡೆಗಳೂ ಕಂಡಿರಲಿಲ್ಲ.

"ಮೊದಲಿಂದ ಮಾಯೆಸ್ತ್ರೊ. ಹೇಗೆ ಬರೆದಿದೆಯೋ ಹಾಗೆ. ಅವರು ಇನ್ನೂ ಕೇಳಿಲ್ಲ."

ತಂಜಿ ತಾಳದ ಕಡ್ಡಿ ಎತ್ತಿದ. (ಆ ಎಳೆಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.)

ಎರಡನೆಯ ಸಲ ಎವಾರಿಸ್ತೊ ಇನ್ನೂ ಕೆಟ್ಟದಾಗಿ ಹಾಡಿದ. ಸುಸ್ತಾಗಿದ್ದ, ಉಸಿರು ಸಾಲದಾಗಿತ್ತು, ಒಂದು ಕಡೆ ದನಿ ಗರಗರ ಎಂದಿತು. ನಾನು ಅದನ್ನು ಚೆಂದ ಮಾಡಿ ಹೇಳುವುದಿಲ್ಲ. ಆದರೆ ಅವನು ಒಂದು ಸ್ವರವನ್ನೂ ಕದಿಯಲಿಲ್ಲ. ಕಟುಕ ಶಿಳ್ಳೆಗೆಂದು ಗಾಳಿ ಎಳೆದುಕೊಂಡ. ಆರ್ಜಿಯಾ ತಿರುಗಿಯೂ ನೋಡದೆ ಖಾಲಿ ಕೈಯಿಂದ ಅವನ ಮೊಣಕೈ ಹಿಡಿದು ಹಿಸುಕಿದಳು. ಇನ್ನೊಂದು ಕೈಯ ಎರಡು ಬೆರಳು ತುಟಿಯ ನಡುವೆ ಹಾಗೇ ಇದ್ದವು. ಹಾಡಿನುದ್ದಕ್ಕೂ ಇದ್ದವು. ಕೊನೆಯ ಸಾಲಿಗೂ ಇದ್ದವು. ಲಾ ಬಂತು, ನಿಂತಿತು, ಅವನ ಉಸಿರು ಇರುವಷ್ಟು ಹೊತ್ತು ನಿಂತು, ಮುಗಿಯಿತು.

ಮುಗಿಯುವವರೆಗೂ ಅವಳು ಹೊಡೆಯಲಿಲ್ಲ.

೮

ಆಮೇಲೆ?

ಆಮೇಲೆ ಹೊಡೆದಳೇ, ಇಲ್ಲವೇ? ನಾನು ಪಕ್ಕದಲ್ಲೇ ಇದ್ದೆ, ನನಗೆ ಗೊತ್ತು. ಹೇಳುವುದಿಲ್ಲ. ಅಕ್ಕ ತಮ್ಮ ಒಂದಾದರೇ, ಅವನು ಮತ್ತೆ ಹಾಡಿದನೇ, ಭಾನುವಾರದ ಕಡುಬು ಯಾರು ತಿಂದರು? ಹೇಳುವುದಿಲ್ಲ. ನೀವು ಕತ್ತು ಉದ್ದ ಮಾಡಿಕೊಂಡು ಒಂದು ದೋಗಾಗಿ ಕಾಯುತ್ತಿದ್ದೀರಿ ಎಂದು ನನಗೆ ಗೊತ್ತು. ನಾನೂ ಅಲ್ಲಿ ಹಾಗೇ ಕಾದವನು. ಇಲ್ಲಿ ಬರೆದಿರುವುದು ಲಾ. ಇದಕ್ಕಿಂತ ಮೇಲಿನದು ನನ್ನ ಗಂಟಲಲ್ಲಿ ಇಲ್ಲ. ಇದೆ ಎಂದು ಶ್ರುತಿ ಇಳಿಸಿ ನಂಬಿಸಲು ನಾನು ಒಲ್ಲೆ.

"ಇಷ್ಟೇನಾ?" ಅನ್ನುತ್ತೀರಿ. ಎರಡು ಬೆರಳು ಬಾಯಿಗೆ ಹೋಗುತ್ತಿವೆ, ಕಾಣುತ್ತಿದೆ.

ಹೊಡೆಯಿರಿ. ನೀವು ಹೊಡೆದು ಸುಸ್ತಾಗುವವರೆಗೆ ಇಲ್ಲೇ ನಿಂತಿರುತ್ತೇನೆ. ಆಮೇಲೆ ಮತ್ತೆ ಮೊದಲಿನಿಂದ, ಹೇಗೆ ಬರೆದಿದೆಯೋ ಹಾಗೆ:

ಎಲ್ಲಿಂದ ಶುರು ಮಾಡಲಿ?